ಭೂಪಾಲ ಮಾಮಾ ‘ಪಿಕಲ್ಡ್’ ಆದ ಸುದ್ದಿ

ಗೋಕಾಕದಿಂದ ವ್ಯಾಂಕೂವರ್

ಮೂಡಲಗಿಯ ಹೈಸ್ಕೂಲಿನಲ್ಲಿ ಇಡೀ ನೌಕರಿ ಇಂಗ್ಲಿಷ್ ಕಲಿಸಿಯೇ ಮುಗಿಸಿದವನು ಕೆನಡಾಕ್ಕೆ ಹೊರಟರೆ ಭಾಷೆಯ ಚಿಂತೆ ಇರಬಾರದು. ನನಗೂ ಇರಲಿಲ್ಲ. ನನಗಿದ್ದ ಚಿಂತೆಯೆಲ್ಲ ಡಿಂಕಿನ ಉಂಡಿಯದು.

ನಮ್ಮ ಕಡೆ ಮನೆಯಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಓಡಾಡುತ್ತದೆ. ಅಂಟಿಗೆ ನಾವು ಡಿಂಕು ಅನ್ನುತ್ತೇವೆ. ಕಾಗದಕ್ಕೆ ಹಚ್ಚುವುದೂ ಡಿಂಕು, ತುಪ್ಪದಲ್ಲಿ ಅರಳಿಸಿ ಬಾಣಂತಿಗೆ ಉಂಡೆ ಕಟ್ಟಿಕೊಡುವ ಗಿಡದ ಅಂಟೂ ಡಿಂಕು. ನಮ್ಮ ಅಕ್ಕ ವಿಮಲಾ ಕೆನಡಾಕ್ಕೆ ಹೋಗಿ ನೆಲೆಸಿ ಬಹಳ ವರ್ಷಗಳಾಗಿದ್ದವು. ಅವಳ ಮಗಳು ಸ್ವಾತಿಗೆ ದಿನ ತುಂಬುತ್ತಿತ್ತು. ನಾನು ಆಗಷ್ಟೇ ನಿವೃತ್ತನಾಗಿದ್ದೆ. “ಬಾ, ಎರಡು ತಿಂಗಳು ಇದ್ದು ಹೋಗು” ಎಂದು ಅಕ್ಕ ಕರೆಸಿಕೊಂಡಳು. ನನ್ನ ಹೆಂಡತಿ ಪದ್ಮಾ ವಿಮಾನ ಅಂದರೆ ಕೈಮುಗಿಯುವವಳು. ತಾನು ಬರದಿದ್ದರೇನು ಎಂದು ಒಂದು ದೊಡ್ಡ ಡಬ್ಬಿ ಡಿಂಕಿನ ಉಂಡಿ ಕಟ್ಟಿ ನನ್ನ ಸೂಟ್‌ಕೇಸಿನ ನಡುವೆ ಕೂಡಿಸಿದಳು.

ವ್ಯಾಂಕೂವರಿನ ಕಸ್ಟಮ್ಸಿನಲ್ಲಿ ಅದೇ ಡಬ್ಬಿ ಹೊರಬಂತು. ಚಿನ್ನದ ಕೂದಲಿನ ಹುಡುಗಿ, ಅಧಿಕಾರಿಯ ಅಂಗಿ ತೊಟ್ಟವಳು, ಇದೇನು ಎಂದು ಕೇಳಿದಳು. ನಾನು ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು “ಗಮ್, ಮೇಡಂ” ಎಂದೆ. ಚೂಯಿಂಗ್ ಗಮ್ಮೇ ಎಂದಳು. “ನೋ ಮೇಡಂ, ಫ್ರೈಡ್ ಗಮ್” ಎಂದೆ. ಅಂಟನ್ನು ಹುರಿದು ತಿನ್ನುತ್ತೀರಾ ಎಂದಳು. ಬಾಣಂತಿಯರಿಗೆ ಕೊಡುತ್ತೇವೆ ಎಂದು ವಿವರಿಸಿದೆ. ಅವಳ ಮುಖ ಇನ್ನೂ ಗಂಭೀರವಾಯಿತು. ಗಿಡದಿಂದ ಒಸರುವ ಅಂಟು, ಸೊಂಟಕ್ಕೆ ಬಲ ಎಂದೆಲ್ಲ ನಾನು ವ್ಯಾಕರಣಶುದ್ಧವಾಗಿ ಹೇಳಿದಷ್ಟೂ ಅವಳು ಡಬ್ಬಿಯನ್ನು ತನ್ನಿಂದ ದೂರ ಸರಿಸುತ್ತ ಹೋದಳು. ಕಡೆಗೆ ಪೇಟ ಸುತ್ತಿದ ಇನ್ನೊಬ್ಬ ಅಧಿಕಾರಿ ಬಂದು, ಡಬ್ಬಿಗೆ ಮೂಗು ಹಿಡಿದು, “ಓಹೋ, ಪಿನ್ನಿ!” ಎಂದು ತಮ್ಮ ಕಡೆಯ ಉಂಡಿಯ ಹೆಸರು ಹೇಳಿ ನಕ್ಕು ಬಿಟ್ಟುಕೊಟ್ಟ. ನನ್ನ ಇಷ್ಟು ವರ್ಷದ ಇಂಗ್ಲಿಷಿನಿಂದ ಆಗದ್ದು ಒಂದು ಪಂಜಾಬಿ ಮೂಗಿನಿಂದ ಆಯಿತು.

ಅವಮಾನ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅದು ಬರೀ ಮುನ್ನುಡಿ ಎಂದು ಆಗ ಹೇಗೆ ಗೊತ್ತಾಗಬೇಕು?

ಕೆರೆದಂಡೆಯ ಊರು

ಅಕ್ಕನ ಊರು ವ್ಯಾಂಕೂವರಿನಿಂದ ಒಳನಾಡಿಗೆ ಅರ್ಧ ದಿನದ ಹಾದಿ. ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿದ ಒಂದು ಕೆರೆ, ಅದರ ದಂಡೆಗೆ ಚೆರ್ರಿ ತೋಟ. ಗೋಕಾಕದ ಬಳಿಯ ಧುಪದಾಳದ ಒಡ್ಡಿನ ಹಿಂದೆ ನಿಂತ ನೀರನ್ನು ಕಂಡು “ಏನು ದೊಡ್ಡ ಕೆರೆ” ಎಂದು ಬಾಯಿ ತೆರೆದು ಬೆಳೆದವನು ನಾನು. ಇಲ್ಲಿ ಆಚೆ ದಂಡೆ ಕಾಣುವುದಕ್ಕೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಜನ ಬಹಳ ಸಜ್ಜನರು. ನಾಯಿಯ ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದು ನಡೆಯುತ್ತಾರೆ, ಅದರಲ್ಲೇನು ತುಂಬುತ್ತಾರೆಂಬುದನ್ನು ನಾನಿಲ್ಲಿ ಬರೆಯಲಾರೆ. ಅವರ ಕಾಲನ್ನು ನೀವು ತುಳಿದರೂ ‘ಸಾರಿ’ ಅನ್ನುವವರು ಅವರೇ. ನಮ್ಮಲ್ಲಿ ‘ತಪ್ಪಾತ್ರಿ’ ಅನ್ನಬೇಕಾದರೆ ಎರಡು ಮನೆಯ ಹಿರಿಯರು ಕೂಡಬೇಕು. ಇವರಿಗೆ ಅದು ಕೆಮ್ಮಿನ ಹಾಗೆ ತಾನಾಗಿಯೇ ಬರುತ್ತದೆ.

ನನ್ನ ಭಾವ ಭೂಪಾಲ, ಬೆಲ್ಲದ ಬಾಗೇವಾಡಿಯವರು. ನಾನು ಮಾಮಾ ಅನ್ನುತ್ತೇನೆ. ಕಾಗದದ ಗಿರಣಿಯಲ್ಲಿ ಎಂಜಿನಿಯರಾಗಿದ್ದು ಈಗ ಮನೆಯಲ್ಲಿದ್ದರು. ಪರದೇಶಕ್ಕೆ ಹೋಗಿಯೂ ಜೈನರ ಆಚಾರವನ್ನು ಎಳ್ಳಷ್ಟೂ ಬಿಡದವರು ಎಂದು ನಮ್ಮ ಕಡೆ ಹೆಸರು. ಗಡ್ಡೆ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಗಿರಣಿಯ ಪಾರ್ಟಿಗಳಲ್ಲಿ ಎಲ್ಲರೂ ಗ್ಲಾಸು ಎತ್ತಿದಾಗ ಇವರ ಕೈಯಲ್ಲಿ ಕಿತ್ತಳೆ ಹಣ್ಣಿನ ರಸ. ಈ ಕಥೆಯನ್ನು ನಮ್ಮಪ್ಪ ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನಾನು ಹೋಟೆಲಿನಲ್ಲಿ ಒಂದು ಉಳ್ಳಾಗಡ್ಡಿ ಭಜಿ ತಿಂದದ್ದು ಗೊತ್ತಾದರೂ ಸಾಕು, “ಭೂಪಾಲನ್ನ ನೋಡಿ ಕಲಿ” ಎಂದು ಶುರುವಾಗುತ್ತಿತ್ತು. ಒಬ್ಬ ಮನುಷ್ಯನನ್ನು ಅಷ್ಟು ವರ್ಷ ನೋಡಿ ಕಲಿಯಬೇಕಾದರೆ ಅವನ ಮೇಲೆ ಸ್ವಲ್ಪ ಸಿಟ್ಟು ಉಳಿದೇ ಉಳಿಯುತ್ತದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು.

ನಾನು ಹೋದ ವಾರದಲ್ಲೇ ಸ್ವಾತಿಗೆ ಹೆರಿಗೆಯಾಯಿತು, ಹೇಳಿದ ದಿನಕ್ಕಿಂತ ಮೊದಲೇ. ಅವಳಿದ್ದದ್ದು ಕ್ಯಾಲ್ಗರಿಯಲ್ಲಿ. ಅಕ್ಕ ಉಂಡಿಯ ಡಬ್ಬಿ ಬಗಲಿಗಿಟ್ಟುಕೊಂಡು ಹೊರಟೇಬಿಟ್ಟಳು. ಕಾರಿನ ಬಾಗಿಲು ಹಾಕುವಾಗ ನನ್ನನ್ನು ಬಾಜೂಕ್ಕೆ ಕರೆದು, “ಪಾರೀಸ, ನಿಮ್ಮ ಮಾಮಾನ ಮ್ಯಾಲ ಒಂದು ಕಣ್ಣಿಡು. ಸಂಜಿಮುಂದ ಹೊರಗ ಬಿಡಬ್ಯಾಡ. ಆಮ್ಯಾಲ ಎಲ್ಲಾ ಹೇಳ್ತೇನಿ” ಎಂದಳು. ಆಮೇಲೆ ಹೇಳುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು.

ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಮೇಲೆ. ನಮ್ಮಂಥ ಜೈನರಿಗೆ ಇದಕ್ಕಿಂತ ಅನುಕೂಲದ ದೇಶವಿಲ್ಲ. ಆದರೂ ಮಾಮಾ ಆರಕ್ಕೇ ಊಟ ಮುಗಿಸುತ್ತಿದ್ದರು. ಮುಗಿಸಿ ಗ್ಯಾರೇಜಿನಿಂದ ಒಂದು ಚೀಲ ತೆಗೆದುಕೊಂಡು, “ಸೆಂಟರಕ್ಕ ಹೋಗಿ ಬರ್ತೇನಿ. ನಿಮ್ಮ ಅಕ್ಕನ ಫೋನ್ ಬಂದ್ರ ಮಕ್ಕೊಂಡಾರ ಅನ್ನು” ಎಂದು ಕಳ್ಳ ಹೆಜ್ಜೆಯಲ್ಲಿ ಹೊರಡುತ್ತಿದ್ದರು. ಕತ್ತಲಾಗುವಾಗ ಮರಳಿದರೆ ಮುಖ ಕೆಂಪಗೆ, ನಡಿಗೆ ಒಂದು ಕಡೆಗೆ ವಾಲಿದ್ದು. ಹತ್ತಿರ ಹೋದರೆ ಗಪ್ಪನೆ ಸ್ಪಿರಿಟ್ ವಾಸನೆ. ಏನಾದರೂ ಕೇಳುವ ಮುಂಚೆಯೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನನ್ನ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತು.

ಬೇಲಿಯಾಚೆಯ ಶೀಲಾಬಾಯಿ

ಬಾಜೂಮನೆಯ ಮುದುಕಿಯ ಹೆಸರು ಶೀಲಾ. ನಮ್ಮ ಓಣಿಯಲ್ಲೇ ಮೂವರು ಶೀಲಾ ಇದ್ದುದರಿಂದ ನನಗೆ ಅವಳು ಕೂಡಲೇ ಶೀಲಾಬಾಯಿ ಆದಳು. ಎಪ್ಪತ್ತು ದಾಟಿದವಳು, ಚಡ್ಡಿ ಹಾಕಿಕೊಂಡು ತಲೆಗೆ ಟೊಪ್ಪಿಗೆ ಇಟ್ಟು ಗಿಡಗಳಿಗೆ ನೀರು ಬಿಡುತ್ತಿದ್ದಳು. ಒಂದು ಬೆಳಗ್ಗೆ ಬೇಲಿಯ ಮೇಲಿಂದ ನನ್ನನ್ನು ಕೂಗಿ, ‘ಬೂ’ ಹೇಗಿದ್ದಾನೆ ಎಂದು ಕೇಳಿದಳು. ಭೂಪಾಲ ಅಲ್ಲಿ ಬೂ ಆಗಿದ್ದರು.

ಇನ್ನೂ ಎದ್ದಿಲ್ಲ ಎಂದೆ.

“ಪಾಪ, ಏಳುವುದು ಹೇಗೆ?” ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು. “ನಿನ್ನೆ ರಾತ್ರಿ ಅವನು ಪಿಕಲ್ಡ್! ಅದೂ ಎರಡು ಸಲ!”

ಪಿಕಲ್ಡ್ ಅಂದರೆ ಉಪ್ಪಿನಕಾಯಿ ಹಾಕಿದ್ದು ಎಂದು ಯಾವ ಹುಡುಗನಾದರೂ ಹೇಳುತ್ತಾನೆ. ಕುಡಿದು ನೆನೆದುಹೋದವನಿಗೂ ಆಡುಮಾತಿನಲ್ಲಿ ಹಾಗೆ ಅನ್ನುತ್ತಾರೆ ಎಂಬುದು ನನ್ನಂಥ ನಾಲ್ಕು ಅಕ್ಷರ ಹೆಚ್ಚು ಓದಿದವನಿಗೆ ಮಾತ್ರ ಗೊತ್ತು. ನನಗೆ ಗೊತ್ತಿತ್ತು, ಅದೇ ನನ್ನ ದುರ್ದೈವ.

ಶೀಲಾಬಾಯಿ ನಿಲ್ಲಿಸಲಿಲ್ಲ. “ಈ ಊರಲ್ಲಿ ಬೂನಷ್ಟು ಚೆಂದ ಡಿಂಕ್ ಮಾಡುವವನು ಇನ್ನೊಬ್ಬನಿಲ್ಲ. ಆದರೆ ಸದಾ ಕಿಚನ್ನಿನಲ್ಲೇ ನಿಂತಿರುತ್ತಾನೆ. ಬೂ, ಕಿಚನ್ನಿನಿಂದ ಹೊರಗೆ ಬಾ ಎಂದು ನಾವು ಕಿರುಚಿ ಕಿರುಚಿ ಸಾಕಾಗುತ್ತೇವೆ.”

ಡಿಂಕ್! ಮೊದಲು ನನಗೆ ನೆನಪಾದದ್ದು ನಮ್ಮ ಉಂಡಿ. ಬಾಣಂತಿಯ ಪಾಲಿನದನ್ನು ಮಾಮಾ ಇವರಿಗೆ ಹಂಚಿಬಿಟ್ಟರೇ ಎಂದುಕೊಂಡೆ. ಆದರೆ ಡಬ್ಬಿ ಕ್ಯಾಲ್ಗರಿಯಲ್ಲಿತ್ತು. ಆಗ ನನ್ನೊಳಗಿನ ಇಂಗ್ಲಿಷ್ ಮಾಸ್ತರ ಎದ್ದು ನಿಂತ. ಈ ಜನ ಮಾತಾಡುವಾಗ ಅಕ್ಷರ ನುಂಗುತ್ತಾರೆ. ಟೊರೊಂಟೊ ಎಂಬ ಅಷ್ಟು ದೊಡ್ಡ ಊರನ್ನೇ ‘ಟ್ರಾನೊ’ ಮಾಡಿ ನುಂಗಿದವರಿಗೆ ‘ಡ್ರಿಂಕ್’ನಲ್ಲಿ ಒಂದು ರಕಾರ ಯಾವ ಮಹಾ? ಅಂದರೆ ಮಾಮಾ ಕುಡಿಯುತ್ತಾರೆ. ಕಿಚನ್ನಿನಲ್ಲಿ ನಿಂತು ಕುಡಿಯುತ್ತಾರೆ. ಹೊರಗೆ ಬಾ ಅಂದರೂ ಬರುವುದಿಲ್ಲ. ಎರಡೆರಡು ಸಲ ಪಿಕಲ್ಡ್ ಆಗುತ್ತಾರೆ.

ನಾನು ಕಪ್ಪಿಟ್ಟ ಮುಖದಿಂದ ನಿಂತಿದ್ದು ನೋಡಿ ಶೀಲಾಬಾಯಿ “ಸಾರಿ” ಎಂದಳು. ಯಾಕೆ ಅಂದಳೋ ಅವಳಿಗೂ ಗೊತ್ತಿರಲಿಲ್ಲ.

ಊಟದ ಮೇಜು

ನೇರವಾಗಿ ಕೇಳಬೇಕಿತ್ತು. ಆದರೆ ಅಕ್ಕನ ಗಂಡನಿಗೆ, ನನಗಿಂತ ಹಿರಿಯರಿಗೆ, “ನೀವು ಕುಡೀತೀರೇನ್ರಿ” ಎಂದು ಯಾವ ಬಾಯಿಂದ ಕೇಳುವುದು? ಆ ಸಂಜೆ ಚಪಾತಿ ಮುರಿಯುತ್ತ ಸುತ್ತಿ ಬಳಸಿ ಶುರು ಮಾಡಿದೆ.

“ಮಾಮಾ, ಶೀಲಾಬಾಯಿ ಎಲ್ಲಾ ಹೇಳಿದ್ಲು.”

ಮಾಮಾನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆಮೇಲೆ ಕಳ್ಳ ಸಿಕ್ಕಿಬಿದ್ದ ಹಾಗೆ ಸಣ್ಣಗೆ ನಕ್ಕರು.

“ಹೇಳಿದ್ಲಾ? ಏನ್ ಮಾಡೂದೋ ಪಾರೀಸ, ಚಟಾ ಹತ್ತೇತಿ. ಸಂಜಿ ಆದ್ರ ಸಾಕು, ಕೈ ಕಡಿಯಾಕ ಹತ್ತಾವು.”

“ಎಷ್ಟ ದಿನದಿಂದ್ರಿ ಇದು?”

“ರಿಟೈರ್ ಆದಾಗಿಂದ. ಮದ್ಲ ಸುಮ್ನ ನೋಡಾಕಂತ ಹೋದ್ನಿ. ಬಾ ಬಾ ಅಂತ ಕರದ್ರು. ಒಮ್ಮೆ ರುಚಿ ಹತ್ತಿದ್ರ ಬಿಡತೈತೇನು?”

“ಡಾಕ್ಟರ್ ಏನಂತಾರ್ರಿ?”

“ಬ್ಯಾಡ ಅಂತಾರ. ನಿಮ್ಮ ಅಕ್ಕನೂ ಬ್ಯಾಡ ಅಂತಾಳ. ಅದಕ್ಕ ಆಕಿ ಇಲ್ಲದಾಗ ಹೋಗ್ತೇನಿ. ನೀ ಮತ್ತ ಆಕಿ ಮುಂದ ಬಾಯಿ ಬಿಡಬ್ಯಾಡ.”

“ಅಲ್ಲಿ ಹೆಂಗಸ್ರೂ ಇರ್ತಾರೇನ್ರಿ?”

“ಹೆಂಗಸ್ರ ಜಾಸ್ತಿ. ಆ ಶೀಲಾಬಾಯಿ ಇದಾಳಲ್ಲ, ಈ ವಯಸ್ಸಿನಾಗೂ ನಮ್ಮನ್ನೆಲ್ಲಾ ಉಳ್ಳಾಡಿಸಿ ಒಗೀತಾಳ. ನಿನ್ನೆ ನಾ ಎರಡು ಸಲ ಮಣ್ಣ ಮುಕ್ಕಿದ್ನಿ.”

ಇಷ್ಟು ಸ್ಪಷ್ಟವಾದ ತಪ್ಪೊಪ್ಪಿಗೆಯನ್ನು ನಾನು ಪರೀಕ್ಷೆಯಲ್ಲಿ ನಕಲು ಹೊಡೆದ ಹುಡುಗನಿಂದಲೂ ಕೇಳಿರಲಿಲ್ಲ. ಮಾಮಾ ಎದ್ದು ಕೈ ತೊಳೆದು, ಹಾಡು ಗುನುಗುತ್ತ ಗ್ಯಾರೇಜಿಗೆ ಹೋದರು.

ಫೋನು

ಮಾಮಾನ ಕಾರು ತಿರುವು ದಾಟುವುದನ್ನು ನೋಡಿ ಗೋಕಾಕಕ್ಕೆ ಫೋನು ಹಚ್ಚಿದೆ. ಅಲ್ಲಿ ಬೆಳಗಿನ ಹೊತ್ತು. ಪದ್ಮಾ ಮೊದಲು ನಂಬಲಿಲ್ಲ.

“ಭೂಪಾಲಣ್ಣಾರಾ? ಖರೆ ಹೇಳಾಕತ್ತೀರೇನ್ರಿ? ನೀವು ಸರಿಯಾಗಿ ಕೇಳಿಸ್ಕೊಂಡ್ರಿಲ್ಲೋ?”

“ನನಗ ಇಂಗ್ಲಿಷ್ ತಿಳೀದಿಲ್ಲೇನ?” ಎಂದು ಗದರಿದೆ. “ಅವರ ಬಾಯಿಂದನ ಕೇಳೇನಿ.”

ಅಷ್ಟಕ್ಕೆ ಇಟ್ಟಿದ್ದರೂ ಆಗುತ್ತಿತ್ತು. ನಾನು ಇಡಲಿಲ್ಲ. ಬಾಗೇವಾಡಿಯಲ್ಲಿ ಮಾಮಾನ ಹಿರಿಯಣ್ಣ ಇದ್ದಾರೆ, ಅವರ ಕಿವಿಗೆ ಒಂದು ಮಾತು ಹಾಕು, ಹಿರಿಯರು ಬುದ್ಧಿ ಹೇಳಲಿ ಎಂದೆ. ಅಕ್ಕನ ಸಂಸಾರ ಉಳಿಯಲಿ ಎಂದೇ ಹೇಳಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಫೋನು ಇಟ್ಟ ಮೇಲೆ ನಾನು ಅಡಿಗೆಮನೆಗೆ ಹೋಗಿ ಚಹಾ ಮಾಡಿಕೊಂಡೆ, ಮಾಡಿಕೊಳ್ಳುವಾಗ ಸಿಳ್ಳೆ ಹಾಕುತ್ತಿದ್ದೆ. ಆ ಸಿಳ್ಳೆ ನೆನಪಾದಾಗಲೆಲ್ಲ ಈಗಲೂ ಮೈ ಹಿಡಿಯಾಗುತ್ತದೆ. ನೋಡಿ ಕಲಿಯಬೇಕಾದ ಭೂಪಾಲ ಕಡೆಗೂ ನನ್ನ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದರಲ್ಲ!

ಸೆಂಟರು

ಎರಡು ದಿನ ಬಿಟ್ಟು, ಮಾಮಾನನ್ನು ಆ ಕಿಚನ್ನಿನಿಂದ ಕೈಹಿಡಿದು ಹೊರಗೆ ತರುವುದು ನನ್ನ ಧರ್ಮ ಎಂದು ತೀರ್ಮಾನಿಸಿದೆ. ಕೋಟು ಹಾಕಿಕೊಂಡೆ. ನಿವೃತ್ತಿಯ ದಿನ ಶಾಲೆಯವರು ಹೊದಿಸಿದ ಶಾಲೂ ಹೆಗಲಿಗೆ ಬಂತು. ಶೀಲಾಬಾಯಿ ಕಾರು ತೆಗೆಯುತ್ತಿದ್ದಳು. ನಾನೂ ಬರುತ್ತೇನೆ ಅಂದದ್ದಕ್ಕೆ ಅವಳಿಗೆ ಬಹಳ ಖುಷಿಯಾಗಿ, “ಕಲಿಯುತ್ತೀಯಾ? ಮೊದಲ ದಿನ ಎಲ್ಲರೂ ಪಿಕಲ್ಡ್ ಆಗುವವರೇ, ಹೆದರಬೇಡ” ಎಂದಳು. ನಾನು ಶಾಲು ಬಿಗಿಯಾಗಿ ಹೊದ್ದುಕೊಂಡು ಮುಖ ತಿರುಗಿಸಿ ಕೂತೆ.

ಸೆಂಟರೆಂದರೆ ನಾನು ಮಬ್ಬುಬೆಳಕು, ಬಾಟಲಿ, ಹೊಗೆ ಎಲ್ಲ ಕಲ್ಪಿಸಿಕೊಂಡಿದ್ದೆ. ಬಾಗಿಲು ತೆಗೆದರೆ ಹಾಲಿನಂಥ ಬೆಳಕು. ದೊಡ್ಡ ಆಟದ ಹಾಲು. ಟಪ್, ಟಪ್, ಟಪ್ ಎಂದು ಸದ್ದು. ಆ ತುದಿಗೆ ಮಾಮಾ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಚಡ್ಡಿ ಹಾಕಿಕೊಂಡು, ಕೈಯಲ್ಲಿ ಹಲಗೆಯಂಥದ್ದೇನೋ ಹಿಡಿದು ಬಗ್ಗಿ ನಿಂತಿದ್ದರು. ನನಗೆ ಯೋಚನೆ ಮಾಡುವ ವ್ಯವಧಾನ ಎಲ್ಲಿ? “ಮಾಮಾ!” ಎಂದು ಕೂಗುತ್ತ ನೆಟ್ಟಗೆ ಅವರತ್ತ ನಡೆದುಬಿಟ್ಟೆ.

“ಕಿಚನ್! ಕಿಚನ್!” ಎಂದು ನಾಲ್ಕೂ ಕಡೆಯಿಂದ ಕೂಗೆದ್ದಿತು. “ಕಿಚನ್ನಿನಿಂದ ಹೊರಗೆ ಹೋಗು!”

ನಾನು ಸುತ್ತ ನೋಡಿದೆ. ಒಲೆಯಿಲ್ಲ, ಪಾತ್ರೆಯಿಲ್ಲ. ನೆಲದ ಮೇಲೆ ಬಣ್ಣದ ಗೆರೆಗಳು, ನಡುವೆ ಒಂದು ನೆಟ್. ಅಷ್ಟರಲ್ಲಿ ತೂತುತೂತಾದ ಪ್ಲಾಸ್ಟಿಕ್ ಚೆಂಡೊಂದು ಬಂದು ನನ್ನ ಹಣೆಗೆ ಬಡಿಯಿತು. ಇಡೀ ಹಾಲು ಒಟ್ಟಿಗೆ “ಸಾರಿ” ಎಂದಿತು.

ಆ ಆಟಕ್ಕೆ ಪಿಕಲ್‌ಬಾಲ್ ಎಂದು ಹೆಸರು. ಬ್ಯಾಡ್ಮಿಂಟನ್ನಿನ ಅಂಗಳ, ಟೆನ್ನಿಸ್ಸಿನ ಹಾಗೆ ಕೆಳಗೆ ಕಟ್ಟಿದ ನೆಟ್, ಟೇಬಲ್ ಟೆನ್ನಿಸ್ಸಿನ ಬ್ಯಾಟನ್ನು ಹಿಗ್ಗಿಸಿದಂಥ ಬ್ಯಾಟು. ಉಪ್ಪಿನಕಾಯಿಗೂ ಇದಕ್ಕೂ ಏನು ಸಂಬಂಧ ಎಂದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳಿದರು. ಶೀಲಾಬಾಯಿ ನನ್ನನ್ನು ಬೆಂಚಿನ ಮೇಲೆ ಕೂಡಿಸಿ, ಹಣೆಗೆ ಐಸು ಹಿಡಿದು, ತಮ್ಮ ಆಟದ ಭಾಷೆಯನ್ನು ಕಲಿಸಿದಳು. ನೆಟ್ಟಿನ ಎರಡೂ ಮಗ್ಗುಲಿಗೆ ಗೆರೆ ಎಳೆದ ಪಟ್ಟಿಯೇ ಕಿಚನ್. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆದರೆ ತಪ್ಪು. ನೆಟ್ಟಿನ ಮೇಲಿಂದ ಹೂವು ಇಟ್ಟ ಹಾಗೆ ಚೆಂಡನ್ನು ಎದುರಿನವರ ಕಿಚನ್ನಿಗೆ ಇಳಿಸುವುದು ಡಿಂಕ್. ನೆಲಕ್ಕೆ ಒಮ್ಮೆ ಪುಟಿಯಲೇಬೇಕಾದ ಚೆಂಡು ಫ್ಲ್ಯಾಪ್‌ಜ್ಯಾಕ್, ಅಂದರೆ ಅವರ ದೋಸೆ. ಬಲವಿಲ್ಲದೆ ಅರ್ಧಕ್ಕೇ ಬಿದ್ದರೆ ಫಲಾಫೆಲ್, ಅದು ಅರಬರ ವಡೆಯಂತೆ. ಇಡೀ ಆಟವೇ ಹೋಟೆಲಿನ ತಿಂಡಿಯ ಹಲಗೆ.

“ಮತ್ತೆ ಪಿಕಲ್ಡ್?” ಎಂದು ಕೇಳಿದೆ.

“ಒಂದೂ ಅಂಕ ಗಳಿಸದೆ ಹನ್ನೊಂದು–ಸೊನ್ನೆ ಸೋಲುವುದು” ಎಂದಳು ಶೀಲಾಬಾಯಿ.

ಆಟ ಮುಗಿಸಿ ಬಂದ ಮಾಮಾ ಚೀಲದಿಂದ ಒಂದು ಡಬ್ಬಿ ತೆಗೆದು ಮೊಣಕಾಲಿಗೆ ಬುಸ್ ಎಂದು ನೋವಿನ ಔಷಧ ಹೊಡೆದುಕೊಂಡರು. ಗಪ್ಪನೆ ಸ್ಪಿರಿಟ್ ವಾಸನೆ ಬಂತು.

ಮತ್ತೆ ಫೋನು

ಆ ರಾತ್ರಿ ಮಾಮಾ ಮಲಗುವುದನ್ನು ಕಾದು ಪದ್ಮಾಳಿಗೆ ಫೋನು ಮಾಡಿದೆ. ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ನಗಲೂ ಇಲ್ಲ, ಬಯ್ಯಲೂ ಇಲ್ಲ.

“ಆಯಿ ಉಪ್ಪ ಬಿಟ್ಟಾರ್ರಿ” ಎಂದಳು.

ಆಯಿ ಅಂದರೆ ಮಾಮಾನ ತಾಯಿ. ಬಾಗೇವಾಡಿಯ ಆ ತುಂಬಿದ ಮನೆಯಲ್ಲಿ ಎಲ್ಲರಿಗೂ ಹಿರಿಯರು, ಎಂಬತ್ತರ ಮೇಲಿನವರು. ಪದ್ಮಾ ನಾನು ಹೇಳಿದ ಹಾಗೆಯೇ ಹಿರಿಯಣ್ಣನ ಕಿವಿಗೆ ಹಾಕಿದ್ದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಆಯಿಗೂ ಕೇಳಿಸಿತ್ತು. ಅವರು ಯಾರ ಹತ್ತಿರವೂ ಏನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಬಸದಿಗೆ ಹೋಗಿ, ಭಗವಂತರ ಎದುರು ಅಕ್ಕಿ ಏರಿಸಿ, ಮಗ ಕುಡಿತ ಬಿಡುವ ತನಕ ಉಪ್ಪು ತಿನ್ನುವುದಿಲ್ಲ ಎಂದು ನೇಮ ತೆಗೆದುಕೊಂಡು ಬಂದಿದ್ದರು. ನಮ್ಮ ಹಿರಿಯರು ಸಿಟ್ಟು ಬಂದರೆ ಕೂಗುವುದಿಲ್ಲ, ತಾಟಿನಿಂದ ಏನಾದರೊಂದು ತೆಗೆದುಹಾಕುತ್ತಾರೆ.

“ಈಗನ ಹೋಗಿ ಸುಳ್ಳ ಅಂತ ಹೇಳು” ಎಂದೆ.

“ಹೇಳ್ತೇನಿ. ಆದ್ರ ನೀವು ಅಣ್ಣಾರ ಮುಂದ ಹೇಳ್ರಿ. ಅವರ ಅವ್ವ ಅಲ್ಲೇನ್ರಿ?”

ಬೆಳಗ್ಗೆ ಮಾಮಾ ಹಾಲು ಕಾಯಿಸುತ್ತಿದ್ದರು. ಹೇಳಿದೆ. ಪಿಕಲ್ಡ್ ವಿಷಯ ಬಂದಾಗ ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ರಕಾರ ನುಂಗಿದ ತರ್ಕಕ್ಕೆ ಮೇಜು ಕುಟ್ಟಿದರು. “ಇದನ್ನ ಶೀಲಾಗ ಹೇಳಾಕಬೇಕು” ಎಂದರು. ಆಮೇಲೆ ನಾನು ಉಳಿದದ್ದನ್ನು ಹೇಳಿದೆ. ಅವರ ನಗು ಒಮ್ಮೆಲೇ ನಿಲ್ಲಲಿಲ್ಲ, ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಹೋಯಿತು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

“ಆಯಿ ಏನಂದು ನೇಮ ತಗೊಂಡಾಳು?”

“ನೀವು ಕುಡಿಯೂದ ಬಿಡೂತನಕ ಅಂತ್ರಿ.”

“ಹಂಗಾರ ನಾ ಏನ್ ಮಾಡ್ಲಿ? ಇವತ್ತ ಕುಡದು ನಾಳಿ ಬಿಡ್ಲಿ?” ಎಂದರು. ತಮಾಷೆಗೆ ಎಂದು ನಾನು ತಲೆ ಎತ್ತಿ ನೋಡಿದೆ. ತಮಾಷೆಯಾಗಿರಲಿಲ್ಲ.

ಒಲೆ ಒರೆಸುತ್ತ ಅವರು ನನ್ನ ಕಡೆ ನೋಡದೆ ಹೇಳಿದರು: “ಇಲ್ಲಿಗೆ ಬಂದಾಗಿಂದ ಆ ಕಿತ್ತಳಿ ರಸಾ ಹಿಡ್ಕೊಂಡು ನಿಂತೇನಿ ಪಾರೀಸ. ಎಷ್ಟ ಮಂದಿ ನಕ್ಕಾರ. ಪ್ರಮೋಷನ್ ತಪ್ಪೇತಿ. ದೇವರಿಗೆ ಹೆದರಿ ಅಲ್ಲ. ಒಂದ ದಿನಾ ಇಂಥಾ ಸುದ್ದಿ ಆಯಿ ಕಿವಿಗೆ ಬೀಳಬಾರದು ಅಂತ.”

ನೆಲ ಬಾಯಿ ತೆರೆದರೆ ಒಳಗೆ ಹೋಗಿಬಿಡುತ್ತಿದ್ದೆ. ಅವರು ಬಾಗೇವಾಡಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ನಾನು ಅಂಗಳಕ್ಕೆ ಹೋಗಿ ನಿಂತೆ. ಬೇಲಿಯಾಚೆ ಶೀಲಾಬಾಯಿ ಕೈ ಎತ್ತಿದಳು. ಅವಳಿಗೆ ವಿಷಯವನ್ನೆಲ್ಲ ಹೇಳಿದೆ. ಅವಳು ಪೈಪು ಕೆಳಗೆ ಬಿಟ್ಟು “ಸಾರಿ, ಸಾರಿ” ಎಂದು ಅತ್ತಳು. ತಪ್ಪು ಅವಳದ್ದಲ್ಲ ಎಂದು ಹೇಳಲು ನನಗೆ ಇಂಗ್ಲಿಷ್ ಸಾಲಲಿಲ್ಲ.

ಕ್ಯಾಲ್ಗರಿಯಿಂದ ಅಕ್ಕ

ಅಕ್ಕ ಮರಳಿದ ಮೇಲೆ ಇಬ್ಬರಿಗೂ ಪೂಜೆಯಾಯಿತು. ಮಾಮಾನಿಗೆ ಮೊಣಕಾಲಿನ ಸಲುವಾಗಿ, ನನಗೆ ಬಾಯಿಯ ಸಲುವಾಗಿ. “ಆಟಾ ಆಡ್ಯಾರು, ಕಾಲ ಮುರಕೊಂಡಾರು ಅಂತ ಕಣ್ಣಿಡು ಅಂದ್ರ, ನೀ ಅವರ ಮರ್ಯಾದೀನ ಮುರದ್ಯಲ್ಲೋ” ಎಂದಳು.

ಮಾಮಾ ಮಾತ್ರ ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಚೆರ್ರಿ ಕೀಳಲು ಕರೆದುಕೊಂಡು ಹೋದರು, ಕೆರೆಯಲ್ಲಿ ದೋಣಿಯ ಮೇಲೆ ಕೂಡಿಸಿದರು. ಹೊರಡುವ ಮುಂಚೆ ಒಂದು ಸಂಜೆ ಸೆಂಟರಿಗೂ ಒಯ್ದು ಕೈಗೆ ಬ್ಯಾಟು ಕೊಟ್ಟರು. ನಾನು ಒಂದೂ ಅಂಕ ಗಳಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ನಾನು ಪಿಕಲ್ಡ್ ಆದೆನೆಂದು ಘೋಷಿಸಿದರು. ಅವರ ನಗುವಿನ ಜೊತೆ ನನಗೆ ನಗಲಾಗಲಿಲ್ಲ. ಮಾಮಾ ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಲ್ಲದ ಬಾಗೇವಾಡಿ

ಊರಿಗೆ ಬಂದವನು ಸುತ್ತಾಟದ ದಣಿವು ಆರುವ ಮೊದಲೇ ಪದ್ಮಾಳ ಜೊತೆ ಬಾಗೇವಾಡಿಯ ಬಸ್ಸು ಹತ್ತಿದೆ. ಹುಕ್ಕೇರಿ ರಸ್ತೆಯ ಎರಡೂ ಮಗ್ಗುಲಿಗೆ ಕಬ್ಬು ಎದ್ದು ನಿಂತಿತ್ತು. ದಾರಿಯಲ್ಲಿ ಪರಿಚಯದವರೊಬ್ಬರು ಕೆನಡಾ ಹೇಗಿತ್ತು ಎಂದು ಕೇಳಿದರು. ಚಳಿ ಇರಲಿಲ್ಲ ಎಂದಷ್ಟೇ ಹೇ‌ಳಿದೆ.

ಆಯಿ ಪಡಸಾಲೆಯಲ್ಲಿ ಕೂತಿದ್ದರು. ಮುಖ ಸ್ವಲ್ಪ ಸೋತ ಹಾಗೆ ಕಂಡಿತು, ಅಥವಾ ನನ್ನ ಕಣ್ಣಿಗೆ ಹಾಗೆ ಕಂಡಿತೋ. ಕಾಲು ಮುಟ್ಟಿದೆ. ವಿಮಲಾ ಹೇಗಿದ್ದಾಳೆ, ಕೂಸಿನ ತಲೆಗೂದಲು ದಟ್ಟವಾಗಿದೆಯೇ, ಭೂಪಾಲ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾನೆಯೇ ಎಂದು ಒಂದೊಂದಾಗಿ ಕೇಳಿದರು. ಆ ವಿಷಯ ಮಾತ್ರ ಎತ್ತಲಿಲ್ಲ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಬಾಯಲ್ಲೇ ಉಳಿದವು.

ಹೊತ್ತು ಇಳಿಯುವ ಮುಂಚೆ ತಾಟು ಹಾಕಿದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಹಿರಿಸೊಸೆ ಎಲ್ಲರಿಗೂ ಬಡಿಸಿ, ಆಮೇಲೆ ಒಲೆಯ ಪಕ್ಕದಿಂದ ಒಂದು ಸಣ್ಣ ಬೋಗುಣಿ ತಂದು ಆಯಿಯ ತಾಟಿಗೆ ಬೇರೆ ಪಲ್ಯ ನೀಡಿದಳು. ಉಪ್ಪು ಬೆರೆತ ಮಸಾಲಿ ಬೀಳದ ಅದಕ್ಕೆ ಬಣ್ಣವೂ ಇರಲಿಲ್ಲ. ಮಾಮಾ ಫೋನು ಮಾಡಿ ತಿಂಗಳಾಗಿತ್ತು. ಎಲ್ಲ ಸರಿಹೋಗಿರುತ್ತದೆ ಎಂದೇ ನಾನು ನಂಬಿಕೊಂಡು ಬಂದಿದ್ದೆ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ.

“ಆಯಿ, ತಪ್ಪಾತ್ರಿ” ಎಂದೆ. “ಅವರು ಕುಡಿಯೂದಿಲ್ರಿ, ಎಂದೂ ಕುಡದಿಲ್ರಿ. ಅದು ಬರೀ ಆಟದ ಮಾತ್ರಿ. ನೇಮಾ ಬಿಡ್ರಿ. ಬೇಕಾದ್ರ ಮುನಿ ಮಹಾರಾಜರನ್ನ ಕೇಳೂಣ್ರಿ, ಅವರ ಬಿಡಿಸಿ ಕೊಡ್ತಾರು.”

“ಕೇಳೇನಿ” ಎಂದರು ಆಯಿ. “ಬಿಡವ್ವ ಅಂದಾರು. ಭೂಪಾಲ ಫೋನ್ ಮಾಡಿದ ದಿನಾನ ಆ ನೇಮಾ ಮುಗೀತು.”

“ಮತ್ತ ಇದೇನ್ರಿ?”

“ಇದು ಬ್ಯಾರೆ. ಇದು ನಂದು.”

ಅವರು ರೊಟ್ಟಿ ಮುರಿದು ಆ ಬಿಳಿಚಿದ ಪಲ್ಯದಲ್ಲಿ ಅದ್ದಿದರು. ಬಾಯಿಗೆ ಇಡಲಿಲ್ಲ.

“ನಿನಗ ಇಂಗ್ಲಿಷ್ ತಿಳೀಲಿಲ್ಲ, ಹೇಳಿದಿ. ಅದರಾಗ ನಿನ್ನ ತಪ್ಪೇನೈತಿ? ಆದ್ರ ಅಂವನ್ನ ನಾ ಹಡದೇನಿ. ಒಂದ ಮಾತ ಅಂವನ್ನ ಕೇಳಲಿಲ್ಲ ನೋಡ ಪಾರೀಸ, ನಾ ಹೆಂಗ ನಂಬಿದ್ನಿ?”

ಪದ್ಮಾ ಸೆರಗು ಬಾಯಿಗೆ ಹಿಡಿದಳು. ನಾನು ತಾಟು ನೋಡುತ್ತ ಕೂತೆ.

“ಉಣ್ಣು, ಆರಿ ಹೋಗತೈತಿ” ಎಂದು ಆಯಿ ಉಪ್ಪಿನ ಬಟ್ಟಲು ಎಳೆದುಕೊಂಡು, ನನ್ನ ತಾಟಿನ ಅಂಚಿಗೆ ತಾವೇ ಉಪ್ಪು ನೀಡಿದರು.